ಕಡಲ ಉಪ್ಪು, ಬಯಲ ಸಾಕ್ಷಿ: ಪ್ಯೂನಿಕ್ ಮೀನುಪ್ಪಿನ ಪುರಾತತ್ತ್ವವನ್ನು ಡೋಣಿಯಿಂದ ಓದುವ ಬಗೆ

೧

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಡೋಣಿ ಗ್ರಾಮವು ಕಪ್ಪತಗುಡ್ಡದ ಸೆರಗಿನಲ್ಲಿದೆ. ಅರಬ್ಬಿ ಸಮುದ್ರವು ಇಲ್ಲಿಂದ ನೇರ ಅಳತೆಯಲ್ಲಿಯೇ ೧೫೦ ಕಿಲೋಮೀಟರಿಗೂ ದೂರ. ನಡುವೆ ಮಲೆನಾಡಿದೆ, ಸಹ್ಯಾದ್ರಿಯ ಘಟ್ಟವಿದೆ. ಜೋಳವನ್ನು ಬಿತ್ತಿ ಮುಗಿಲ ಕಡೆಗೆ ಮುಖ ಮಾಡಿ ಕೂರುವ ಈ ಒಣಬೇಸಾಯದ ನೆಲದಲ್ಲಿ ನಿಂತು, ಮೆಡಿಟರೇನಿಯನ್ ಕಡಲತೀರದಲ್ಲಿ ಎರಡೂವರೆ ಸಾವಿರ ವರ್ಷಗಳ ಹಿಂದೆ ನಡೆದ ಮೀನುಪ್ಪಿನ ಉದ್ಯಮದ ಬಗ್ಗೆ ಬರೆಯಹೊರಡುವುದು ಅಸಂಬದ್ಧವೆಂದು ಕೆಲವರಿಗೆ ತೋರಬಹುದು. ಬೆಟ್ಟದ ನೆಲ್ಲಿಯನ್ನೂ ಸಮುದ್ರದ ಉಪ್ಪನ್ನೂ ಎದುರುಬದುರು ನಿಲ್ಲಿಸಿ ಅವುಗಳ ನಂಟು ಯಾವುದೆಂದು ಕೇಳುವ ಅಲ್ಲಮಪ್ರಭುವಿನ ವಚನವನ್ನು ನಾವೆಲ್ಲರೂ ಬಲ್ಲೆವು. ಅನುಭಾವದ ನೆಲೆಯ ಆ ಪ್ರಶ್ನೆಯನ್ನು ಪ್ರಸ್ತುತ ಲೇಖನವು ತೀರ ಲೌಕಿಕವಾದ ನೆಲೆಯಲ್ಲಿ ಮತ್ತೆ ಕೇಳಿಕೊಳ್ಳುತ್ತದೆ: ಕಡಲತೀರದ ಆಹಾರೋತ್ಪಾದನೆಯ ಚರಿತ್ರೆಯನ್ನು ಕಡಲನ್ನೇ ಕಾಣದ ಊರಿನಿಂದ ಬರೆಯಲು ಸಾಧ್ಯವೆ?

ಈ ಪ್ರಶ್ನೆಗೆ ಎರಡು ಉದ್ದೇಶಗಳಿವೆ. ಒಂದು, ಪ್ಯೂನಿಕ್ ಜನರ ಮೀನುಪ್ಪಿನ ಬಗ್ಗೆ ಪುರಾತತ್ತ್ವಜ್ಞರು ಕಟ್ಟಿಕೊಟ್ಟಿರುವ ತಿಳಿವಳಿಕೆಯ ಆಕರಗಳು ಎಂತಹವು ಎಂಬುದನ್ನು ಪರಿಶೀಲಿಸುವುದು. ಎರಡು, ಆ ವಿಧಾನದ ಬೆಳಕಿನಲ್ಲಿ ನಮ್ಮ ಜಾನಪದ ಅಧ್ಯಯನದ ಒಂದು ಮೌನವನ್ನು ವಿಮರ್ಶೆಗೆ ಒಳಪಡಿಸುವುದು. ಈ ಮೌನದಲ್ಲಿ ಲೇಖಕನಾದ ನನ್ನ ಪಾಲೂ ಇದೆ.

೨

ಇಂದಿನ ಲೆಬನಾನಿನ ಕರಾವಳಿಯಿಂದ ಹೊರಟ ಫಿನೀಷಿಯನ್ ವರ್ತಕರು ಪಶ್ಚಿಮ ಮೆಡಿಟರೇನಿಯನ್ನಿನಲ್ಲಿ ನೆಲೆಯೂರಿದರು. ಉತ್ತರ ಆಫ್ರಿಕದ ಕಾರ್ಥೇಜ್, ಸ್ಪೇನಿನ ಗಾದಿರ್ ಅಂದರೆ ಈಗಿನ ಕಾಡಿಸ್, ಮೊರಾಕ್ಕೊದ ಲಿಕ್ಸಸ್ ಇವು ಅವರ ಮುಖ್ಯ ಕೇಂದ್ರಗಳಲ್ಲಿ ಕೆಲವು. ಪಶ್ಚಿಮದ ಈ ಶಾಖೆಯ ಸಂಸ್ಕೃತಿಯನ್ನು ಪ್ಯೂನಿಕ್ ಎಂದು ಕರೆಯುವುದು ರೂಢಿ. ಪ್ರತಿ ವರ್ಷ ವಸಂತ ಕಳೆದು ಬೇಸಿಗೆ ತೊಡಗುವ ಹೊತ್ತಿಗೆ ಟ್ಯೂನಾ ಮೀನಿನ ಹಿಂಡುಗಳು ಜಿಬ್ರಾಲ್ಟರ್ ಜಲಸಂಧಿಯನ್ನು ದಾಟಿ ಒಳಗಡಲಿಗೆ ಬರುತ್ತವೆ. ಮೀನು ಬರುವ ಕಾಲ ನಿಶ್ಚಿತ, ಉಪ್ಪು ಬೆಳೆಯಲು ತಕ್ಕ ಜವುಗು ನೆಲವೂ ಬಿಸಿಲೂ ಹತ್ತಿರದಲ್ಲಿಯೇ ಉಂಟು. ಈ ಮೂರರ ಕೂಟದಲ್ಲಿ ಗಾದಿರದ ಮೀನುಪ್ಪಿನ ಕಸುಬು ಹುಟ್ಟಿತು. ಗ್ರೀಕ್ ಹಾಸ್ಯನಾಟಕಕಾರರೂ ಗಾದಿರದ ಉಪ್ಪುಮೀನನ್ನು ಹೆಸರಿಸುವಷ್ಟು ಅದು ಪ್ರಸಿದ್ಧವಾಯಿತು.

ಈ ಕಸುಬಿಗೆ ದೊರೆತಿರುವ ಅತ್ಯಂತ ಸ್ಪಷ್ಟ ಸಾಕ್ಷ್ಯಗಳಲ್ಲೊಂದು ಗಾದಿರದಲ್ಲಿ ಸಿಕ್ಕಿದ್ದಲ್ಲ ಎಂಬುದನ್ನು ಗಮನಿಸಬೇಕು. ಅದು ಸಿಕ್ಕಿದ್ದು ಅಲ್ಲಿಂದ ಸುಮಾರು ೨೫೦೦ ಕಿಲೋಮೀಟರ್ ಪೂರ್ವಕ್ಕಿರುವ ಗ್ರೀಸಿನ ಕಾರಿಂತ್ ನಗರದಲ್ಲಿ. ೧೯೭೮-೭೯ರಲ್ಲಿ ಅಮೆರಿಕನ್ ವಿದ್ವಾಂಸ ಚಾರ್ಲ್ಸ್ ವಿಲಿಯಮ್ಸ್ ಅವರ ನೇತೃತ್ವದಲ್ಲಿ ಅಲ್ಲಿ ಕ್ರಿ.ಪೂ. ೫ನೆಯ ಶತಮಾನದ ಮಧ್ಯಭಾಗದ ಒಂದು ಕಟ್ಟಡ ಉತ್ಖನನಗೊಂಡಿತು. ಅದು ಪರದೇಶದ ಸರಕನ್ನು ತರಿಸಿ ಮಾರುತ್ತಿದ್ದ ವರ್ತಕನೊಬ್ಬನ ಮನೆ. ಆಂಫೊರಾ ಎಂದು ಕರೆಯಲಾಗುವ ಸಾಗಣೆಯ ಮಣ್ಣಿನ ಭರಣಿಗಳ ಚೂರುಗಳು ಅಲ್ಲಿ ರಾಶಿರಾಶಿಯಾಗಿ ದೊರೆತವು. ಒಡೆದ ಭರಣಿಗಳನ್ನೇ ಕುಟ್ಟಿ ಅಂಗಳಕ್ಕೆ ಹಾಸಲಾಗಿತ್ತು. ಆ ಚೂರುಗಳ ನಡುವೆ ಮೀನಿನ ಹುರುಪೆಗಳೂ ಟ್ಯೂನಾ ಮತ್ತು ಬ್ರೀಮ್ ಜಾತಿಯ ಮೀನುಗಳ ತುಣುಕುಗಳೂ ಉಳಿದಿದ್ದವು. ಭರಣಿಗಳ ಮಣ್ಣಿನ ವಿಶ್ಲೇಷಣೆಯು ಜಿಬ್ರಾಲ್ಟರ್ ಜಲಸಂಧಿಯ ಪ್ರದೇಶವನ್ನು ತೋರಿಸಿತು. ಮಾಡಿದವರ ಚರಿತ್ರೆಯನ್ನು ಇಲ್ಲಿ ಹೇಳಿದ್ದು ತಿಂದವರ ಊರಿನ ಅಂಗಳ.

ಇಂತಹ ಇನ್ನೊಂದು ನಿದರ್ಶನ ನಮ್ಮ ಉಪಖಂಡದಲ್ಲಿಯೇ ಇದೆ. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಹರಪ್ಪ ನಿವೇಶನದಲ್ಲಿ ಕಡಲಮೀನಿನ ಮೂಳೆಗಳು ದೊರೆತಿವೆ. ಹಸಿಮೀನು ಅಷ್ಟು ದೂರ ಕೆಡದೆ ಬರಲಾರದು. ಒಣಗಿಸಿಯೋ ಉಪ್ಪು ಹಾಕಿಯೋ ತಂದಿರಬೇಕೆಂದು ವಿದ್ವಾಂಸರು ತರ್ಕಿಸಿದ್ದಾರೆ. ಮೀನನ್ನು ಒಣಗಿಸಿದ ಮರಳಿನ ದಂಡೆ ಯಾವ ಗುರುತನ್ನೂ ಉಳಿಸಿಕೊಳ್ಳದಿದ್ದರೂ ದೂರದ ಬಳಕೆದಾರನ ತಿಪ್ಪೆಯು ಸಾಕ್ಷಿ ನುಡಿಯಬಲ್ಲದು. ಈ ಲೇಖನದ ವಾದಕ್ಕೆ ಇದೇ ಬುನಾದಿ.

೩

ಆದರೆ ಪ್ಯೂನಿಕ್ ಅಧ್ಯಯನದ ಎಲ್ಲ ತೀರ್ಮಾನಗಳೂ ಇಷ್ಟು ಗಟ್ಟಿಯಾದ ನೆಲದ ಮೇಲೆ ನಿಂತಿಲ್ಲ. ಮೀನುಪ್ಪಿನ ಕಾರ್ಖಾನೆಯೆಂದಾಗ ಗ್ರಂಥಗಳಲ್ಲಿ ಕಾಣುವ ಚಿತ್ರಗಳು ಬಹುಮಟ್ಟಿಗೆ ಗಾರೆ ಬಳಿದ ಕಲ್ಲುತೊಟ್ಟಿಗಳವು. ಮಿಶೆಲ್ ಪೋನ್ಸಿಕ್ ಮತ್ತು ಮಿಗೆಲ್ ತರಾದೆಲ್ ಅವರು ೧೯೬೫ರಲ್ಲಿ ಪ್ರಕಟಿಸಿದ ಕೃತಿಯು ಲಿಕ್ಸಸ್ ಮೊದಲಾದ ನೆಲೆಗಳ ತೊಟ್ಟಿಗಳನ್ನು ವಿದ್ವತ್ಲೋಕದ ಗಮನಕ್ಕೆ ತಂದಿತು. ಲಿಕ್ಸಸ್ ಒಂದರಲ್ಲಿಯೇ ಗುರುತಿಸಲಾದ ತೊಟ್ಟಿಗಳು ೧೪೦ಕ್ಕೂ ಹೆಚ್ಚು. ಅವುಗಳ ಒಟ್ಟು ಹಿಡಿತ ಸಾವಿರ ಘನ ಮೀಟರಿನಷ್ಟು. ೨೦೧೭ರಲ್ಲಿ ಟ್ಯುನೀಸಿಯದ ನಾಬೆಲ್ ಬಳಿ ಕಡಲಲ್ಲಿ ಮುಳುಗಿದ್ದ ನಿಯಾಪೊಲಿಸ್ ನಗರದ ಅವಶೇಷಗಳು ಪತ್ತೆಯಾದಾಗಲೂ ಸುಮಾರು ನೂರು ತೊಟ್ಟಿಗಳು ಬೆಳಕಿಗೆ ಬಂದವು. ಗಾರಮ್ ಎಂಬ ಮೀನಿನ ರಸವನ್ನು ತಯಾರಿಸುತ್ತಿದ್ದುದು ಇಂತಹವುಗಳಲ್ಲಿಯೇ.

ಲಿಕ್ಸಸ್ ಮತ್ತು ನಿಯಾಪೊಲಿಸ್‌ಗಳಲ್ಲಿ ಕಣ್ಣಿಗೆ ಕಾಣುವ ಈ ತೊಟ್ಟಿಗಳು ರೋಮನ್ ಕಾಲದವು. ಅದಕ್ಕಿಂತ ಹಿಂದಿನ ಪ್ಯೂನಿಕ್ ಹಂತಕ್ಕೆ ಸಾಕ್ಷ್ಯ ಬರುವುದು ಹೆಚ್ಚಾಗಿ ಭರಣಿಗಳಿಂದ, ಕಾಡಿಸ್ ಕೊಲ್ಲಿಯ ಸುತ್ತಲಿನ ಸಣ್ಣ ಕಾರ್ಯಾಗಾರಗಳಿಂದ. ರೋಮನ್ ತೊಟ್ಟಿಗಳನ್ನು ನೋಡಿ ಪ್ಯೂನಿಕ್ ಉದ್ಯಮದ ಗಾತ್ರವನ್ನು ಊಹಿಸಿದರೆ, ಮೊಮ್ಮಗನ ಮಾಳಿಗೆಯ ಮನೆಯನ್ನು ಕಂಡು ಅಜ್ಜನ ಸಿರಿವಂತಿಕೆಯನ್ನು ಹೇಳಿದಂತಾಗುತ್ತದೆ. ಗಾರೆ ಉಳಿಯುತ್ತದೆ, ಚಾಪೆ ಉಳಿಯುವುದಿಲ್ಲ. ಆದ್ದರಿಂದ ಗಾರೆಯವರ ಚರಿತ್ರೆ ದೊಡ್ಡದಾಗಿಯೂ ಚಾಪೆಯವರ ಚರಿತ್ರೆ ಸಣ್ಣದಾಗಿಯೂ ಕಾಣುತ್ತದೆ.

ಇನ್ನೊಂದು ತೊಡಕು ಲಿಖಿತ ಆಕರಗಳದು. ಕ್ರಿ.ಪೂ. ೧೪೬ರಲ್ಲಿ ರೋಮನ್ನರು ಕಾರ್ಥೇಜನ್ನು ನೆಲಸಮ ಮಾಡಿದರು. ಮಾಗೊ ಎಂಬ ಕಾರ್ಥೇಜಿನವನ ಕೃಷಿಗ್ರಂಥವನ್ನು ರೋಮನ್ ಸೆನೆಟ್ ಲ್ಯಾಟಿನ್ನಿಗೆ ಅನುವಾದಿಸಲು ಆಜ್ಞಾಪಿಸಿತೆಂಬುದು ದಾಖಲಾಗಿದೆ. ಆ ಗ್ರಂಥವೂ ಇಂದು ಉಲ್ಲೇಖಗಳಲ್ಲಷ್ಟೇ ಉಳಿದಿದೆ. ಹೀಗೆ ಪ್ಯೂನಿಕ್ ಜನರ ಬಗ್ಗೆ ನಾವು ಓದುವ ಮಾತುಗಳ ಬಹುಪಾಲು ಅವರ ಎದುರಾಳಿಗಳು ಬರೆದವು.

ಸೋತ ಕಾರ್ಥೇಜಿನ ನೆಲದಲ್ಲಿ ಮತ್ತೆ ಏನೂ ಬೆಳೆಯದಿರಲೆಂದು ರೋಮನ್ನರು ಉಪ್ಪು ಬಿತ್ತಿದರು ಎಂಬ ಕಥೆಯನ್ನು ಶಾಲೆಯ ಪಾಠದಲ್ಲಿ ಕೇಳಿದವರುಂಟು. ಯಾವ ಪ್ರಾಚೀನ ಲೇಖಕನೂ ಇದನ್ನು ಹೇಳಿಲ್ಲ. ಆಧುನಿಕ ಕಾಲದಲ್ಲಿ ಹುಟ್ಟಿದ ಈ ಕಥೆ ೨೦ನೆಯ ಶತಮಾನದ ಪ್ರತಿಷ್ಠಿತ ಚರಿತ್ರೆಯ ಸಂಪುಟಗಳನ್ನೂ ಹೊಕ್ಕಿತು. ೧೯೮೬ರಲ್ಲಿ ವಿದ್ವಾಂಸ ಆರ್. ಟಿ. ರಿಡ್ಲಿ ಅದರ ನಿರಾಧಾರತೆಯನ್ನು ತೋರಿಸಿಕೊಟ್ಟರು. ಜಾನಪದ ವಿದ್ಯಾರ್ಥಿಗೆ ಇದು ಕುತೂಹಲದ ಸಂಗತಿಯಷ್ಟೇ ಅಲ್ಲ, ಪಾಠವೂ ಹೌದು. ಐತಿಹ್ಯವು ಹಳ್ಳಿಯ ಕಟ್ಟೆಯ ಮೇಲೆ ಹುಟ್ಟುವಂತೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿಯೂ ಹುಟ್ಟುತ್ತದೆ. ಕಟ್ಟೆಯ ಐತಿಹ್ಯವನ್ನು ನಾವು ಐತಿಹ್ಯವೆಂದೇ ಕರೆಯುತ್ತೇವೆ. ಗ್ರಂಥಾಲಯದ ಐತಿಹ್ಯವನ್ನು ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸುತ್ತೇವೆ.

೪

ಈ ಹಿನ್ನೆಲೆಯಲ್ಲಿ ನಮ್ಮ ಕರಾವಳಿಯ ಕಡೆಗೆ ತಿರುಗಬಹುದು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಗೋಕರ್ಣದ ಸಮೀಪ, ಅಘನಾಶಿನಿಯ ಅಳಿವೆಯ ನೀರನ್ನು ಹಾಯಿಸಿಕೊಂಡು ಸಾಣಿಕಟ್ಟೆಯ ಆಗರಗಳಿವೆ. ಭರತದ ನೀರನ್ನು ಕಟ್ಟೆಯೊಳಗೆ ತೆಗೆದುಕೊಂಡು, ಮಡಿಯಿಂದ ಮಡಿಗೆ ಹರಿಸಿ, ಬಿಸಿಲಿಗೆ ಗಟ್ಟಿಯಾದದ್ದನ್ನು ಬಳಿದು ರಾಶಿ ಹಾಕುವ ಈ ಕ್ರಮದಲ್ಲಿ ಕಲ್ಲಿಗಾಗಲಿ ಗಾರೆಗಾಗಲಿ ಹೆಚ್ಚು ಕೆಲಸವಿಲ್ಲ. ಮಣ್ಣಿನ ಬದು, ಮರದ ಹಲಗೆ, ಮನುಷ್ಯರ ಕೈಕಾಲು ಇಷ್ಟೇ. ಮುಂಗಾರು ಬಿದ್ದೊಡನೆ ಎಲ್ಲವೂ ನೀರಪಾಲು. ಮರುವರ್ಷ ಮತ್ತೆ ಹೊಸದಾಗಿ ತಿದ್ದಬೇಕು. ಬಂಗಡೆ, ತಾರಲೆ, ಸಿಗಡಿಗಳನ್ನು ಮರಳಿನ ಮೇಲೋ ಚಾಪೆಯ ಮೇಲೋ ಹರಡಿ ಒಣಗಿಸುವ ಹೆಂಗಸರ ಕೆಲಸಕ್ಕೆ ಇಷ್ಟು ಗುರುತೂ ಇಲ್ಲ. ಇಂತಹ ದಂಡೆಯಲ್ಲಿ ಕಾಡಿಸ್ ಮಾದರಿಯ ತೊಟ್ಟಿಗಳನ್ನು ಹುಡುಕಿ, ಅವು ಕಾಣದಾಗ ಕಸುಬೇ ಇರಲಿಲ್ಲವೆನ್ನುವುದು ತಪ್ಪಾಗುತ್ತದೆ.

ಗೋಡೆ ಕಟ್ಟಿದ ಕೂಡಲೇ ದಾಖಲೆ ಹುಟ್ಟುತ್ತದೆ ಎಂಬುದಕ್ಕೆ ನಮ್ಮಲ್ಲಿಯೂ ಉದಾಹರಣೆಯಿದೆ. ಬ್ರಿಟಿಷ್ ಆಡಳಿತ ಉಪ್ಪಿನ ಮೇಲೆ ಹೇರಿದ ಸುಂಕದಿಂದಾಗಿ ಮೀನಿಗೆ ಸಾಕಷ್ಟು ಉಪ್ಪು ಹಾಕುವುದು ಬಡ ಬೆಸ್ತರಿಗೆ ದುಬಾರಿಯಾಯಿತು. ಫ್ರಾನ್ಸಿಸ್ ಡೇ ೧೮೭೩ರ ತಮ್ಮ ವರದಿಯಲ್ಲಿ ಕಡಲಮೀನುಗಾರಿಕೆಯ ಸ್ಥಿತಿಗತಿಯನ್ನು ವಿವರಿಸಿದರು. ಅನಂತರದ ದಶಕಗಳಲ್ಲಿ, ಆಗ ದಕ್ಷಿಣ ಕನ್ನಡವನ್ನು ಒಳಗೊಂಡಿದ್ದ ಮದ್ರಾಸ್ ಪ್ರಾಂತದ ಕರಾವಳಿಯುದ್ದಕ್ಕೂ ಸರ್ಕಾರವು ಬೇಲಿ ಹಾಕಿದ ಅಂಗಳಗಳನ್ನು ತೆರೆಯಿತು. ಅಂಗಳದೊಳಗೆ ಮೀನಿಗೆ ಹಾಕುವ ಉಪ್ಪಿಗೆ ಸುಂಕದ ವಿನಾಯಿತಿ. ಉಪ್ಪನ್ನು ಹೊರಗೆ ಒಯ್ಯುವಂತಿಲ್ಲ. ಆ ಅಂಗಳಗಳೊಳಗೆ ನಡೆದದ್ದೆಲ್ಲ ಮಣದ ಲೆಕ್ಕದಲ್ಲಿ ಕಡತ ಸೇರಿತು. ಬೇಲಿಯ ಹೊರಗೆ ಹೆಂಗಸರು ಒಣಗಿಸಿ, ಬುಟ್ಟಿ ಹೊತ್ತು ಮಾರಿದ್ದು ಹಾಗೆ ಲೆಕ್ಕಕ್ಕೆ ಸಿಗಲಿಲ್ಲ. ಉಪ್ಪಿನ ಮೇಲಣ ಈ ಯಜಮಾನಿಕೆಗೆ ಉತ್ತರವೆಂಬಂತೆ ೧೯೩೦ರ ಏಪ್ರಿಲಿನಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನನ್ನು ಮುರಿದದ್ದು ಸರ್ವವಿದಿತ. ಉಪ್ಪಿನ ಸತ್ಯಾಗ್ರಹವನ್ನು ನಾವು ರಾಜಕೀಯ ಚರಿತ್ರೆಯಾಗಿ ಓದಿದ್ದೇವೆ. ಆಹಾರದ ಚರಿತ್ರೆಯಾಗಿಯೂ ಅದನ್ನು ಓದಬೇಕಾಗಿದೆ.

ಪ್ಯೂನಿಕ್ ಭರಣಿಗೆ ಹೋಲಿಸಬಹುದಾದ ಒಂದು ವಸ್ತುವೂ ನಮ್ಮ ಕರಾವಳಿಯಲ್ಲಿತ್ತು. ದಕ್ಷಿಣ ಕನ್ನಡ ಮತ್ತು ಮಲಬಾರುಗಳಲ್ಲಿ ಬಂಗಡೆಯನ್ನು ಸೀಳಿ, ಕರುಳು ಕಿವಿರು ತೆಗೆದು, ಉಪ್ಪಿನೊಂದಿಗೆ ಉಪ್ಪಾಗೆಯ ಹುಳಿಯನ್ನು ಬೆರೆಸಿ, ಅದರದೇ ನೀರಿನಲ್ಲಿ ಮುಳುಗಿಸಿ, ಮರದ ಪೀಪಾಯಿಗಳಲ್ಲಿ ತುಂಬಿ ಕೊಲಂಬೊ ಪಟ್ಟಣಕ್ಕೆ ಕಳುಹಿಸುತ್ತಿದ್ದರು. ಮೀನುಗಾರಿಕೆಯ ಗ್ರಂಥಗಳಲ್ಲಿ ಇದಕ್ಕೆ ಕೊಲಂಬೊ ಕ್ರಮವೆಂದೇ ಹೆಸರು. ಉಪ್ಪಾಗೆ ಘಟ್ಟದ ಕಾಡಿನ ಮರ. ಗುಡ್ಡದ ಹುಳಿಯೂ ಕಡಲ ಉಪ್ಪೂ ಒಂದೇ ಪೀಪಾಯಿಯೊಳಗೆ ಕೂಡಿದ ಈ ಕ್ರಮವು ಕರಾವಳಿಯ ಆಹಾರೋತ್ಪಾದನೆಯು ಕರಾವಳಿಯೊಂದರಿಂದಲೇ ಆದದ್ದಲ್ಲ ಎಂಬುದನ್ನು ತೋರಿಸುತ್ತದೆ. ಗಾದಿರದ ಭರಣಿ ಒಡೆದು ಕಾರಿಂತಿನ ಅಂಗಳ ಸೇರಿ ಉಳಿಯಿತು. ನಮ್ಮ ಪೀಪಾಯಿ ಒಲೆ ಸೇರಿತು.

೫

ಹಾಗಾದರೆ ನಮ್ಮ ಕಾರಿಂತ್ ಎಲ್ಲಿದೆ? ಅದನ್ನು ಡೋಣಿಯಂತಹ ಒಳನಾಡಿನ ಊರುಗಳಲ್ಲಿ ಹುಡುಕಬೇಕೆಂಬುದು ನನ್ನ ಸೂಚನೆ. ಇಲ್ಲಿ ಅಗೆದರೆ ಮೀನಿನ ಭರಣಿ ಸಿಗಲಾರದು. ಗೋಣಿಚೀಲದಲ್ಲಿ ಬಂದ ಉಪ್ಪು, ಬುಟ್ಟಿಯಲ್ಲಿ ಬಂದ ಒಣಮೀನು ಮಣ್ಣಿಗೆ ಏನನ್ನೂ ಬಿಟ್ಟಿಲ್ಲ. ಅವು ಗುರುತು ಬಿಟ್ಟಿರುವುದು ಸಮುದಾಯಗಳ ಹೆಸರಿನಲ್ಲಿ, ಕುಲಕಥೆಯಲ್ಲಿ, ಗಾದೆಯಲ್ಲಿ, ಸಂತೆಯ ರೂಢಿಯಲ್ಲಿ.

ಈ ಸೀಮೆ ಹೊರಜಗತ್ತಿಗೆ ಮುಚ್ಚಿಕೊಂಡಿದ್ದ ಸೀಮೆಯಲ್ಲ. ಸಮೀಪದ ಡಂಬಳದ ಕ್ರಿ.ಶ. ೧೦೯೫ರ ಶಾಸನವು ಅಲ್ಲಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯನ್ನೂ ಉಲ್ಲೇಖಿಸುತ್ತದೆ. ವರ್ತಕರಿದ್ದಲ್ಲಿ ಹೇರುಗಳ ಹಾದಿಯೂ ಇದ್ದಿರಲೇಬೇಕು. ಉಪ್ಪನ್ನು ಘಟ್ಟ ಹತ್ತಿಸಿ ಬಯಲಿಗೆ ತಂದವರಲ್ಲಿ ಲಂಬಾಣಿಗರು ಮುಖ್ಯರು. ಇಂದು ಈ ಭಾಗದಲ್ಲಿ ಅವರ ತಾಂಡಾಗಳು ಹಲವಿವೆ. ೧೮೭೮ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದವು ಗೋವೆಯ ಉಪ್ಪಿನ ಉದ್ಯಮವನ್ನು ಬ್ರಿಟಿಷರ ಹಿಡಿತಕ್ಕೆ ತಂದಿತು. ೧೮೮೦ರ ದಶಕದಲ್ಲಿ ಗದಗಕ್ಕೆ ರೈಲು ಬಂದಿತು. ಹೇರೆತ್ತಿನ ಕಸುಬಿನ ಬೆನ್ನು ಮುರಿಯಲು ಇಂತಹ ಕಾರಣಗಳು ಒಂದರ ಮೇಲೊಂದು ಕೂಡಿಬಂದವು.

ಇನ್ನೊಂದು ಸಮುದಾಯ ಉಪ್ಪಾರರದು. ಸವುಳು ಮಣ್ಣನ್ನು ಗುಡ್ಡೆ ಹಾಕಿ, ನೀರೆರೆದು, ಇಳಿದ ಉಪ್ಪುನೀರನ್ನು ಬಿಸಿಲಿಗಿಟ್ಟು ಉಪ್ಪು ತೆಗೆಯುವ ವಿದ್ಯೆ ಬಯಲುಸೀಮೆಯಲ್ಲಿ ಅವರದಾಗಿತ್ತು. ಸರ್ಕಾರದ ಉಪ್ಪಿನ ನೀತಿಯು ಅದನ್ನು ಅಪರಾಧವಾಗಿಸಿದ ಮೇಲೆ ಅವರು ಕಟ್ಟಡದ ಕೆಲಸಕ್ಕೂ ಬೇಸಾಯಕ್ಕೂ ಸರಿದರು. ಅವರ ಕುಲಕಥೆಯು ಸಗರ ಚಕ್ರವರ್ತಿಗೂ ಭಗೀರಥನಿಗೂ ಸಂಬಂಧ ಹೇಳುತ್ತದೆ. ಸಗರನ ಮಕ್ಕಳು ಅಗೆದುದರಿಂದಲೇ ಸಾಗರವಾಯಿತೆಂಬ ಪುರಾಣವನ್ನು ಕಡಲು ಕಾಣದ ಜನ ತಮ್ಮ ಹುಟ್ಟಿನ ಕಥೆಯಾಗಿ ಇಟ್ಟುಕೊಂಡಿದ್ದಾರೆ. ಕಡಲಿನ ಉಪ್ಪಿಗೂ ಮಣ್ಣಿನ ಉಪ್ಪಿಗೂ ಈ ಕಥೆ ಕಟ್ಟುವ ಸೇತುವೆಯನ್ನು ಯಾವ ಉತ್ಖನನವೂ ತೋರಿಸಲಾರದು.

ಆದರೆ ಕಾರ್ಥೇಜಿನ ಉಪ್ಪಿನ ಕಥೆಯಿಂದ ಕಲಿತ ಎಚ್ಚರವನ್ನು ಇಲ್ಲಿ ಮರೆಯಬಾರದು. ಲವಣ ಶಬ್ದದಿಂದ ಲಮಾಣಿ, ಲಂಬಾಣಿ ಬಂದಿತೆಂಬ ನಿರ್ವಚನವನ್ನು ನಮ್ಮ ಬರಹಗಳು ಸಿದ್ಧಸತ್ಯವೆಂಬಂತೆ ಹೇಳುತ್ತ ಬಂದಿವೆ. ಅವರು ಉಪ್ಪು ಸಾಗಿಸಿದ್ದು ನಿಜ, ದಂಡುಗಳಿಗೆ ಧಾನ್ಯ ಸಾಗಿಸಿದ್ದೂ ನಿಜ. ಕಸುಬು ನಿಜವಾದ ಮಾತ್ರಕ್ಕೆ ನಿರ್ವಚನ ನಿಜವಾಗುವುದಿಲ್ಲ. ಬಲ್ಲ ಕಸುಬಿಗೆ ತಕ್ಕಂತೆ ಹೆಸರಿನ ಅರ್ಥವನ್ನು ಆಮೇಲೆ ಕಟ್ಟಿಕೊಂಡಿರುವ ಸಾಧ್ಯತೆಯೂ ಉಂಟು. ಡೋಣಿ ಎಂಬ ಹೆಸರಿನದೂ ಇದೇ ಕಥೆ. ಕನ್ನಡದಲ್ಲಿ ದೋಣಿಯೆಂದರೆ ನಾವೆ. ದನಗಳಿಗೆ ನೀರುಣಿಸುವ ಕಲ್ಲಿನ ತೊಟ್ಟಿಯೂ ದೋಣಿಯೇ. ವಿಜಯಪುರ ಸೀಮೆಯಲ್ಲಿ ಇದೇ ಹೆಸರಿನ ನದಿಯಿದೆ, ಅದರ ನೀರು ಸವುಳು. ನಾವೆ, ತೊಟ್ಟಿ, ಉಪ್ಪುನೀರು ಮೂರೂ ಒಂದೇ ಶಬ್ದದ ಸುತ್ತ ಕೂಡುತ್ತವೆಂಬ ಸಂತೋಷಕ್ಕೆ ಈ ಊರನ್ನು ಕಡಲಿಗೆ ಕಟ್ಟಿಹಾಕಲು ಹೊರಟರೆ ನಾವೂ ಕಾರ್ಥೇಜಿನ ನೆಲದಲ್ಲಿ ಉಪ್ಪು ಬಿತ್ತಿದವರಾಗುತ್ತೇವೆ. ಅಂತೆಯೇ ಈ ಭಾಗದ ಸಂತೆಗಳಿಗೆ ಬರುವ ಒಣಮೀನೆಲ್ಲವೂ ಕಡಲಿನದಲ್ಲ. ತಾಲ್ಲೂಕಿನ ಅಂಚಿನಲ್ಲಿಯೇ ತುಂಗಭದ್ರೆ ಹರಿಯುತ್ತದೆ. ಯಾವುದು ಹೊಳೆಯದು, ಯಾವುದು ಕಡಲಿನದು ಎಂಬುದನ್ನು ಮಾರುವವಳನ್ನೂ ಕೊಳ್ಳುವವಳನ್ನೂ ಕೇಳಿಯೇ ತಿಳಿಯಬೇಕು. ಮೌಖಿಕ ಆಕರವನ್ನು ಶಾಸನದಷ್ಟೇ ಗೌರವದಿಂದ ಕಾಣಬೇಕೆನ್ನುವ ನಾವು ಅದನ್ನು ಶಾಸನದಷ್ಟೇ ನಿಷ್ಠುರವಾಗಿ ಪರೀಕ್ಷಿಸಲೂಬೇಕು.

೬

ಕೇಳಬೇಕೆಂದು ಹೇಳಿದೆನಲ್ಲ, ನಾವು ಕೇಳಿದ್ದೇವೆಯೆ? ಈ ಪ್ರಶ್ನೆಗೆ ನನ್ನ ಉತ್ತರ ಹೆಮ್ಮೆಯದಲ್ಲ. ಡಾಕ್ಟರೇಟ್ ಪದವಿಗಾಗಿ ಈ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ ವಯಸ್ಸಾದ ತಾಯಿಯೊಬ್ಬರು ಬೀಸುವ ಹಾಡುಗಳನ್ನು ಹೇಳಿಕೊಡುತ್ತಿದ್ದರು. ಒಂದು ಮಧ್ಯಾಹ್ನ ಹಾಡು ನಿಲ್ಲಿಸಿ ಒಲೆಯ ಕೆಂಡದ ಮೇಲೆ ಒಣಮೀನು ಸುಟ್ಟು, ಜೋಳದ ರೊಟ್ಟಿಯ ಜೊತೆ ಮುಂದಿಡುವಾಗ ಅವರು ಒಂದು ಮಾತು ಕೇಳಿದರು: ‘ಇದನ್ನೂ ಬರಕೊಳ್ತಿ ಏನೋ ತಮ್ಮಾ?’ ನಾನು ನಕ್ಕು ಉಂಡೆ, ಬರೆದುಕೊಳ್ಳಲಿಲ್ಲ. ಮಳೆಗಾಲಕ್ಕೆ ಮುಂಚೆ ಅದನ್ನು ಎಷ್ಟು ಕೊಳ್ಳುತ್ತಿದ್ದರು, ಯಾವ ಮಡಕೆಯಲ್ಲಿ ಇಡುತ್ತಿದ್ದರು, ಯಾರ ಮನೆಗೆ ತಿಳಿಯದಂತೆ ಸುಡುತ್ತಿದ್ದರು ಎಂಬುದನ್ನೆಲ್ಲ ಅವರು ಹೇಳಿದ್ದು ನೆನಪಿದೆ, ವಿವರ ನೆನಪಿಲ್ಲ. ಮಹಾಪ್ರಬಂಧದಲ್ಲಿ ಅವರ ಹಾಡುಗಳಿವೆ, ಅವರ ಊಟವಿಲ್ಲ. ಬಿಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಅದು ಜಾನಪದವಲ್ಲವೆಂದು, ಇನ್ನೂ ನಿಜ ಹೇಳಬೇಕೆಂದರೆ ಅಚ್ಚಾದ ಪುಟದಲ್ಲಿ ಅದು ನಾರುತ್ತದೆಯೆಂದು, ನಾನೇ ತೀರ್ಮಾನಿಸಿದ್ದೆ.

ಈ ತೀರ್ಮಾನಕ್ಕೆ ದೀರ್ಘ ಪರಂಪರೆಯಿದೆ. ಎರಡನೆಯ ಚಾವುಂಡರಾಯನ ೧೧ನೆಯ ಶತಮಾನದ ಲೋಕೋಪಕಾರದ ಅಡುಗೆಯ ಭಾಗವಾಗಲಿ, ಮೂರನೆಯ ಮಂಗರಸನ ೧೬ನೆಯ ಶತಮಾನದ ಸೂಪಶಾಸ್ತ್ರವಾಗಲಿ ಮೀನನ್ನು ಮುಟ್ಟುವುದಿಲ್ಲ. ಈ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮೀನಿನ ಜಾತಿಗಳೂ ಗಾಳದ ವಿವರಗಳೂ ವಿಪುಲವಾಗಿವೆ, ಆದರೆ ಅವು ಅರಸನ ವಿನೋದದ ಭಾಗವಾಗಿ ಬಂದವು. ಅರಸನ ವಿನೋದವಾದಾಗ ಮೀನು ಶಾಸ್ತ್ರಕ್ಕೆ ಬರುತ್ತದೆ. ಬಡವರ ಊಟವಾದಾಗ ಬರುವುದಿಲ್ಲ. ಶಿಷ್ಟಪರಂಪರೆಯ ಈ ಆಯ್ಕೆಯನ್ನು ಪ್ರಶ್ನಿಸಲೆಂದೇ ಹುಟ್ಟಿದ ಜಾನಪದ ಅಧ್ಯಯನವು ಊಟದ ವಿಷಯಕ್ಕೆ ಬಂದಾಗ ಅದೇ ಶಿಷ್ಟರ ಪಂಕ್ತಿಯಲ್ಲಿ ಕುಳಿತಿತು. ಹಾಡು, ಕುಣಿತ, ಕಥನಕಾವ್ಯಗಳಿಗೆ ಸಂಪುಟಗಳನ್ನು ತಂದ ನಾವು ಒಣಮೀನಿಗೆ ಒಂದು ಅಡಿಟಿಪ್ಪಣಿಯ ಜಾಗವನ್ನೂ ಕೊಡಲು ಹಿಂಜರಿದೆವು. ಪ್ಯೂನಿಕ್ ಜನರ ಊಟವನ್ನು ಅವರ ವೈರಿಗಳು ದಾಖಲಿಸಿದರು. ನಮ್ಮ ಜನರ ಊಟವನ್ನು ಅವರ ಮಿತ್ರರೆನಿಸಿಕೊಂಡ ನಾವೇ ಕೈಬಿಟ್ಟೆವು.

ಇದನ್ನು ತಿದ್ದಲು ದೊಡ್ಡ ಯೋಜನೆ ಬೇಕಾಗಿಲ್ಲ. ಡೋಣಿ, ಡಂಬಳ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸಂತೆಗಳಲ್ಲಿ ಉಪ್ಪು ಮತ್ತು ಒಣಮೀನು ಮಾರುವವರ ಹಾದಿಯನ್ನು ಹಿಂದಕ್ಕೆ, ಘಟ್ಟದ ಕೆಳಗಿನವರೆಗೆ, ಗುರುತಿಸಿಕೊಂಡು ಹೋಗಬಹುದು. ಅಳತೆಯ ಹೆಸರು, ಮೀನಿನ ಹೆಸರು, ಸುಡುವ, ಹುರಿಯುವ, ಕುಟ್ಟುವ ಕ್ರಮ, ತಿನ್ನಬಾರದ ದಿನ, ತಿಂದವರನ್ನು ಒಳಗೆ ಬಿಡದ ಮನೆ ಇವೆಲ್ಲವನ್ನೂ ಬರೆದುಕೊಳ್ಳಬಹುದು. ಸಾಣಿಕಟ್ಟೆಯ ಆಗರದ ಕೆಲಸಗಾರರ ಮಾತುಗಳನ್ನು ಆ ಪಟ್ಟಿಯ ಇನ್ನೊಂದು ತುದಿಯಲ್ಲಿ ಇಟ್ಟು ನೋಡಬಹುದು. ಎರಡು ತುದಿಗಳ ಶಬ್ದಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಹಾದಿಯಿತ್ತೆಂದು ಹೇಳಬಹುದು. ಕೂಡದಿದ್ದರೆ ಹಾಗೆಂದೇ ಬರೆಯಬೇಕು.

ಕಾರಿಂತಿನ ಚೂರುಗಳು ಮಣ್ಣಿನಡಿಯಲ್ಲಿ ಎರಡು ಸಾವಿರದ ನಾನೂರು ವರ್ಷ ಕಾದವು. ನಮ್ಮ ಆಕರಗಳು ಅಷ್ಟು ಕಾಯುವಂತಹವಲ್ಲ. ಅವು ಎಂಬತ್ತು ದಾಟಿದ ಹೆಂಗಸರ ನೆನಪಿನಲ್ಲಿವೆ. ಕೆಲವು ವರ್ಷಗಳ ಅನಂತರ ನಾನು ಆ ಮನೆಗೆ ಮತ್ತೆ ಹೋದಾಗ ಹಾಡು ಕಲಿಸಿದ ತಾಯಿ ಇರಲಿಲ್ಲ. ಅವರ ಸೊಸೆಗೆ ಹಾಡು ಬರುತ್ತಿರಲಿಲ್ಲ, ಮೀನು ಸುಡುವ ಬಗೆ ಮಾತ್ರ ಬರುತ್ತಿತ್ತು. ಆ ಸಲ ನಾನು ಅದನ್ನು ಬರೆದುಕೊಂಡೆ.